ಕಲ್ಲಿನ ಮೇಲಿನ ದತ್ತಿ, ಕಾರ್ಡಿನ ಮೇಲಿನ ಪಾಯಿಂಟು

ಪ್ರಯಾಣಿಕನಿಗೆ ಸವಲತ್ತು ಕೊಡುವುದೂ ಆ ಸವಲತ್ತನ್ನು ಲೆಕ್ಕವಿಟ್ಟು ಬರೆದಿಡುವುದೂ ಕನ್ನಡನಾಡಿಗೆ ಹೊಸತಲ್ಲ. ವಿಮಾನದ ಟಿಕೆಟ್ಟನ್ನು ಕ್ರೆಡಿಟ್ ಕಾರ್ಡಿನ ಪಾಯಿಂಟುಗಳಿಂದಲೇ ಕೊಳ್ಳಬಹುದೆಂದು ಬ್ಯಾಂಕುಗಳು ಸಾರುವಾಗ, ಇದೆಲ್ಲ ಇಪ್ಪತ್ತನೆಯ ಶತಮಾನದ ಅಮೆರಿಕದಲ್ಲಿ ಹುಟ್ಟಿದ ಕಲ್ಪನೆ ಎಂದೇ ಬಹುಮಂದಿ ತಿಳಿಯುತ್ತಾರೆ. ಪಾಯಿಂಟಿನ ಮಟ್ಟಿಗೆ ಆ ಮಾತು ನಿಜ. ಆದರೆ ದಾರಿಹೋಕನಿಗೆ ಏನು ಸಲ್ಲಬೇಕು, ಅದರ ಖರ್ಚನ್ನು ಯಾರು ಹೊರಬೇಕು, ಕೊಟ್ಟ ಮಾತಿಗೆ ತಪ್ಪಿದರೆ ಗತಿಯೇನು ಎಂಬ ಪ್ರಶ್ನೆಗಳು ಬಹಳ ಹಳೆಯವು. ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ-ಸೊರಬ ಸೀಮೆಯ ಕಲ್ಲುಗಳು ಈ ಪ್ರಶ್ನೆಗಳಿಗೆ ತಮ್ಮದೇ ರೀತಿಯಲ್ಲಿ ಉತ್ತರ ಹೇಳಿವೆ. ಆ ಉತ್ತರಗಳ ಕ್ರಮವನ್ನು ತಿಳಿದವರಿಗೆ ಇಂದಿನ ಕಾರ್ಡುಗಳನ್ನು ಅಕ್ಕಪಕ್ಕ ಇಟ್ಟು ತೂಗುವ ಕೆಲಸ ಅಷ್ಟೇನೂ ಕಷ್ಟವಲ್ಲ.

ಕಂಚಿಯ ದಾರಿ

ಶಿಕಾರಿಪುರ ತಾಲ್ಲೂಕಿನ ತಾಳಗುಂದ ಇಂದು ಒಂದು ಸಣ್ಣ ಹಳ್ಳಿ. ಹಿಂದೆ ಅದು ಸ್ಥಾನಕುಂದೂರು ಎಂಬ ಹೆಸರಿನ ಪ್ರಸಿದ್ಧ ಅಗ್ರಹಾರ. ಅಲ್ಲಿನ ಪ್ರಣವೇಶ್ವರ ದೇವಾಲಯದ ಎದುರಿಗೆ ನಿಂತಿರುವ ಕಂಬದ ಮೇಲೆ ಕದಂಬರ ಕಾಲದ ಸಂಸ್ಕೃತ ಶಾಸನವಿದೆ. ಬಿ. ಎಲ್. ರೈಸ್ ಅವರ ಶೋಧದಿಂದ 1894ರಲ್ಲಿ ಅದು ವಿದ್ವಾಂಸರ ಗಮನಕ್ಕೆ ಬಂತು. ಐದನೆಯ ಶತಮಾನದ ನಡುಭಾಗದಲ್ಲಿ ಶಾಂತಿವರ್ಮನ ಕಾಲದಲ್ಲಿ ಕೊರೆಯಲಾದ ಈ ಶಾಸನದ ಕವಿ ಕುಬ್ಜ. ಶಾಂತಿವರ್ಮನ ತಂದೆ ಕಾಕುಸ್ಥವರ್ಮ ದೇವಾಲಯಕ್ಕಾಗಿ ಕಟ್ಟಿಸಿದ ಕೆರೆಯ ವಿಷಯವನ್ನು ದಾಖಲಿಸುವುದು ಅದರ ಮುಖ್ಯ ಉದ್ದೇಶ.

ಕೆರೆಯ ಕಥೆ ಹೇಳುವ ಮುನ್ನ ಕವಿ ಒಂದು ಪ್ರಯಾಣದ ಕಥೆ ಹೇಳುತ್ತಾನೆ. ಮಯೂರಶರ್ಮ ಎಂಬ ತರುಣ ತನ್ನ ಗುರು ವೀರಶರ್ಮನೊಡನೆ ಪಲ್ಲವರ ರಾಜಧಾನಿ ಕಂಚಿಗೆ ಹೋಗುತ್ತಾನೆ. ಅಲ್ಲಿನ ಘಟಿಕಾಸ್ಥಾನವನ್ನು ಸೇರಿ ಹೆಚ್ಚಿನ ಅಧ್ಯಯನ ಮಾಡುವುದು ಅವನ ಬಯಕೆ. ತಾಳಗುಂದದಿಂದ ಕಂಚಿ ನೇರ ರೇಖೆಯಲ್ಲೇ ಸುಮಾರು 500 ಕಿಲೋಮೀಟರು ದೂರದಲ್ಲಿದೆ. ಕಾಡು, ಹೊಳೆ, ಘಟ್ಟಗಳನ್ನು ಸುತ್ತಿ ಹೋಗುವ ಹಾದಿ ಇನ್ನೂ ಹೆಚ್ಚು. ಅಷ್ಟು ದೂರ ಹೋದವನಿಗೆ ಪಲ್ಲವರ ಕುದುರೆಸವಾರನೊಬ್ಬನೊಡನೆ ಕಲಹವಾಯಿತು. ಅವಮಾನಿತನಾದ ಮಯೂರಶರ್ಮ ದರ್ಭೆಯ ಕೈಯಲ್ಲಿ ಶಸ್ತ್ರ ಹಿಡಿದ. ಪಲ್ಲವರ ಗಡಿ ಕಾವಲುಗಾರರನ್ನು ಸೋಲಿಸಿ ಶ್ರೀಪರ್ವತದ ಕಾಡನ್ನು ಹಿಡಿದುಕೊಂಡು, ಬೃಹದ್ಬಾಣರೇ ಮೊದಲಾದ ಅರಸರಿಂದ ಕಪ್ಪ ವಸೂಲು ಮಾಡತೊಡಗಿದ. ಕದಂಬ ರಾಜ್ಯದ ಹುಟ್ಟನ್ನು ಶಾಸನ ವಿವರಿಸುವುದು ಹೀಗೆ.

ರಾಜಕೀಯ ಇತಿಹಾಸದಲ್ಲಿ ಈ ಘಟನೆಗೆ ದೊಡ್ಡ ಸ್ಥಾನವಿದೆ. ಪ್ರಯಾಣದ ಇತಿಹಾಸದಲ್ಲೂ ಅದರಿಂದ ತಿಳಿಯುವುದುಂಟು. ಪರನಾಡಿಗೆ ಹೋದ ವಿದ್ಯಾರ್ಥಿಯ ಕೈಯಲ್ಲಿ ವಿದ್ಯೆಯ ಹಂಬಲವಿತ್ತೇ ಹೊರತು ಅಲ್ಲಿನವರು ಮನ್ನಿಸಲೇಬೇಕಾದ ಯಾವ ಅಧಿಕಾರಪತ್ರವೂ ಇರಲಿಲ್ಲ. ಕುದುರೆಯ ಮೇಲಿದ್ದವನಿಗೆ ಅರಸನ ಬೆಂಬಲವಿತ್ತು. ದಾರಿಯಲ್ಲಿ ಯಾರಿಗೆ ಯಾವ ಹಕ್ಕು ಎಂಬುದನ್ನು ಆ ಕಾಲದಲ್ಲಿ ಬಲ ತೀರ್ಮಾನಿಸುತ್ತಿತ್ತು. ಅದನ್ನು ಬರಹ ತೀರ್ಮಾನಿಸುವ ಕಾಲ ಇದೇ ಸೀಮೆಗೆ ಕೆಲವು ಶತಮಾನಗಳ ಬಳಿಕ ಬಂತು.

ಬಳ್ಳಿಗಾವೆಯ ಸುಂಕ ಮತ್ತು ಮಠ

ತಾಳಗುಂದದಿಂದ ಕೆಲವೇ ಮೈಲಿ ದೂರದಲ್ಲಿ, ಶಿರಾಳಕೊಪ್ಪದ ಬಳಿ, ಬಳ್ಳಿಗಾವಿ ಇದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅದು ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನಿ. ವ್ಯಾಪಾರ, ವಿದ್ಯೆ, ಶಿಲ್ಪ ಮೂರಕ್ಕೂ ಹೆಸರಾದ ಪಟ್ಟಣ. ಅಯ್ಯಾವೊಳೆಯ ಐನೂರ್ವರು ಎಂಬ ವರ್ತಕ ಸಂಘದ ದೀರ್ಘವಾದ ಪ್ರಶಸ್ತಿಯೊಂದು ಸಿಕ್ಕಿರುವುದೂ ಇಲ್ಲಿನ ಹನ್ನೊಂದನೆಯ ಶತಮಾನದ ಶಾಸನದಲ್ಲಿಯೇ. ಇಂದಿನ ಐಹೊಳೆಯನ್ನು ಮೂಲನೆಲೆ ಎನ್ನುತ್ತಿದ್ದ ಈ ವರ್ತಕರು ನೆಲ-ಜಲ ಎರಡೂ ಮಾರ್ಗಗಳಲ್ಲಿ ನಾನಾ ದೇಶಗಳನ್ನು ಸುತ್ತುವುದಕ್ಕೇ ಹುಟ್ಟಿದವರು ತಾವೆಂದು ಹೇಳಿಕೊಳ್ಳುತ್ತಾರೆ. ಆನೆ, ಕುದುರೆ, ರತ್ನ, ಗಂಧ, ಕರ್ಪೂರ, ಸಾಂಬಾರ ಪದಾರ್ಥಗಳು ಅವರ ಸರಕು.

ಅಂದಿನ ದಾರಿಯ ದೊಡ್ಡ ಖರ್ಚೆಂದರೆ ಸುಂಕ. ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಹೆಸರುಗಳು ಶಾಸನಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಆದ್ದರಿಂದ ಅಂದಿನ ದೊಡ್ಡ ಸವಲತ್ತೆಂದರೆ ಸುಂಕದ ಮಾಫಿ. ಇಷ್ಟು ಎತ್ತಿನ ಹೇರಿಗೆ ಸುಂಕವಿಲ್ಲ ಎಂದು ಬರೆಸಿಕೊಂಡವನು ಅದೇ ದಾರಿಯಲ್ಲಿ ಬರುವ ಇತರರಿಗಿಂತ ಅಗ್ಗವಾಗಿ ಸಂಚರಿಸಬಹುದಾಗಿತ್ತು. ದೊಡ್ಡ ಸಂಘಕ್ಕೆ ಸೇರಿದವನಿಗೆ ಗೌರವ, ರಕ್ಷಣೆ, ರಿಯಾಯಿತಿ ಮೂರೂ ಸಿಗುತ್ತಿದ್ದವು; ಒಂಟಿ ಹೇರಿನವನು ಪೂರ್ತಿ ಸುಂಕ ತೆರುತ್ತಿದ್ದ. ಹೆಚ್ಚು ಓಡಾಡುವವನಿಗೆ ಹೆಚ್ಚು ಸವಲತ್ತು ಎಂಬ ನೀತಿ ಅಂದೇ ಇತ್ತು.

ಇದಕ್ಕೆ ಭಿನ್ನವಾದ ಇನ್ನೊಂದು ಬಗೆಯ ಸವಲತ್ತನ್ನು ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠ ಕೊಡುತ್ತಿತ್ತು. ಕಳಚೂರಿ ಬಿಜ್ಜಳನ ಕಾಲದ 1162ರ ಶಾಸನ ಈ ಮಠವನ್ನು ವರ್ಣಿಸುವ ರೀತಿ ಪ್ರಸಿದ್ಧವಾದದ್ದು. ಅದು ವೇದ, ವ್ಯಾಕರಣ, ದರ್ಶನಗಳನ್ನು ಕಲಿಸುವ ಸ್ಥಳ. ನಾನಾ ಪಂಥದ ಸಂನ್ಯಾಸಿಗಳಿಗೂ ಬೇರೆ ಬೇರೆ ದೇಶಗಳಿಂದ ಬಂದ ಭಿಕ್ಷುಗಳಿಗೂ ಅನ್ನದ ನೆಲೆ. ದೀನರು, ಅನಾಥರು, ಕುರುಡರು, ಕಿವುಡರು ಊಟ ಕಾಣುವ ಜಾಗ. ರೋಗಿಗಳಿಗೆ ಔಷಧ ಸಿಗುವ ಮನೆ. ಇಲ್ಲಿ ಊಟ ಪಡೆಯಲು ಮೊದಲೇ ಏನನ್ನಾದರೂ ಕೊಂಡಿರಬೇಕೆಂಬ ಷರತ್ತಿರಲಿಲ್ಲ. ಬಂದವನು ಹಸಿದಿದ್ದರೆ ಸಾಕಿತ್ತು.

ಹೀಗೆ ಒಂದೇ ಊರಿನಲ್ಲಿ ಎರಡು ಮಾದರಿಗಳು. ಒಂದು ವ್ಯಾಪಾರದ ಪ್ರಮಾಣಕ್ಕೆ ತಕ್ಕ ರಿಯಾಯಿತಿ, ಇನ್ನೊಂದು ಅಗತ್ಯಕ್ಕೆ ತಕ್ಕ ಆತಿಥ್ಯ. ಇಂದಿನ ಪ್ರಯಾಣದ ಕಾರ್ಡುಗಳು ಎರಡನೆಯದರ ಭಾಷೆಯನ್ನು ಆಡುತ್ತವೆ. ‘ಸ್ವಾಗತ ಕಾಣಿಕೆ’, ‘ಅತಿಥಿ ಸತ್ಕಾರ’, ‘ಉಚಿತ ಪ್ರಯಾಣ’ ಎಂಬ ಮಾತುಗಳು ಅವುಗಳ ಜಾಹೀರಾತಿನಲ್ಲಿ ತುಂಬಿರುತ್ತವೆ. ಆದರೆ ಅವು ನಡೆಯುವುದು ಮೊದಲನೆಯ ಮಾದರಿಯ ಲೆಕ್ಕದಲ್ಲಿ. ಈ ವ್ಯತ್ಯಾಸವನ್ನು ಮರೆತವನೇ ಕಾರ್ಡಿನ ವ್ಯವಹಾರದಲ್ಲಿ ನಷ್ಟಕ್ಕೆ ಬೀಳುವವನು.

ದತ್ತಿ ಶಾಸನದ ಕ್ರಮ

ದತ್ತಿ ಶಾಸನಗಳಿಗೆ ಒಂದು ಗೊತ್ತಾದ ಕ್ರಮವಿದೆ. ದಾನ ಕೊಟ್ಟವರು ಯಾರು, ಯಾವ ದಿನ ಕೊಟ್ಟರು ಎಂಬುದು ಮೊದಲು. ಬಳಿಕ ದಾನದ ಮೂಲ: ಯಾವ ಗದ್ದೆ, ಯಾವ ತೋಟ, ಯಾವ ಸುಂಕದ ಎಷ್ಟು ಪಾಲು, ಗಡಿಗಳು ಎಲ್ಲಿವೆ ಎಂಬ ವಿವರ. ಅನಂತರ ಅದು ಯಾವುದಕ್ಕೆ ವಿನಿಯೋಗವಾಗಬೇಕು, ಯಾರ ವಶದಲ್ಲಿರಬೇಕು ಎಂಬ ನಿಯಮ. ಕೊನೆಯಲ್ಲಿ ಶಾಪ: ಇದನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರಲಿ ಎಂಬ ಬಗೆಯ ಮಾತು.

ಈ ಕ್ರಮವನ್ನು ಆದರ್ಶವೆಂದು ಮೆಚ್ಚಿ ಸುಮ್ಮನಾಗುವಂತಿಲ್ಲ. ಮಠದ ಅನ್ನದ ಹಿಂದೆ ಗದ್ದೆ ಉತ್ತವನ ಪಾಲು, ಹೇರು ತಂದವನ ಸುಂಕ ಎರಡೂ ಇದ್ದವು. ಶಾಪದ ಅಗತ್ಯ ಬಿದ್ದದ್ದೇ ದತ್ತಿಗಳನ್ನು ಕಬಳಿಸುವವರು ಇದ್ದುದರಿಂದ. ನಿಂತುಹೋದ ದತ್ತಿಯನ್ನು ಮರಳಿ ನಡೆಸಿಕೊಟ್ಟ ಸಂಗತಿಯನ್ನು ಹೇಳುವ ಶಾಸನಗಳೂ ಇವೆ. ಆದರೂ ಒಂದು ಗುಣವನ್ನು ಒಪ್ಪಲೇಬೇಕು. ಕೊಡುವವನು, ಮೂಲ, ಪ್ರಮಾಣ, ತಪ್ಪಿದರೆ ಆಗುವ ಫಲ ಈ ನಾಲ್ಕನ್ನೂ ಊರಿನ ಎದುರು ಕಲ್ಲಿನಲ್ಲಿ ನಿಲ್ಲಿಸಲಾಗುತ್ತಿತ್ತು. ಒಂದು ವರ್ಷದ ಬಳಿಕ ರಾತ್ರೋರಾತ್ರಿ ಅಕ್ಷರ ಬದಲಿಸುವುದು ಸುಲಭವಾಗಿರಲಿಲ್ಲ.

ಹುಂಡಿಯಿಂದ ಕಾರ್ಡಿಗೆ

ದಾರಿಯಲ್ಲಿ ಹಣ ಹೊತ್ತೊಯ್ಯುವ ಭಯಕ್ಕೆ ಭಾರತದ ವರ್ತಕರು ಕಂಡುಕೊಂಡ ಪರಿಹಾರ ಹುಂಡಿ. ಊರಿನ ಸಾಹುಕಾರನಲ್ಲಿ ಹಣ ಕಟ್ಟಿ ಚೀಟಿ ಪಡೆದು, ದೂರದ ಪಟ್ಟಣದಲ್ಲಿರುವ ಅವನ ಕಡೆಯವರಿಂದ ಹಣ ಪಡೆಯುವ ವ್ಯವಸ್ಥೆ ಅದು. ತೋರಿಸಿದೊಡನೆ ಹಣ ಸಲ್ಲಬೇಕಾದದ್ದು ದರ್ಶನಿ ಹುಂಡಿ. ಗೊತ್ತಾದ ಅವಧಿಯ ಬಳಿಕ ಸಲ್ಲುವುದು ಮುದ್ದತಿ ಹುಂಡಿ. ತೀರ್ಥಯಾತ್ರೆ ಹೊರಟವರಿಗೂ ಇದು ಅನುಕೂಲವಾಗಿತ್ತು. ಈ ಅನುಕೂಲಕ್ಕೆ ವಟ್ಟ ತೆರಬೇಕಿತ್ತು. ಎಂದರೆ ಹಣದ ಸುರಕ್ಷಿತ ಸಾಗಣೆಗೆ ಪ್ರಯಾಣಿಕನೇ ಬೆಲೆ ಕೊಡುತ್ತಿದ್ದ, ಆ ಬೆಲೆ ಅವನ ಕಣ್ಣೆದುರೇ ಇರುತ್ತಿತ್ತು.

ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿ 1891ರಲ್ಲಿ ಹೊರತಂದ ಟ್ರಾವೆಲರ್ಸ್ ಚೆಕ್ ಇದೇ ಜಾತಿಯದು. ಕೊಂಡವನು ಎರಡು ಬಾರಿ ಸಹಿ ಮಾಡಬೇಕಾದ ಕಾರಣ ಕಳೆದುಹೋದರೂ ಹಣ ಉಳಿಯುವ ಭರವಸೆಯಿತ್ತು. 1930ರ ದಶಕದಲ್ಲಿ ಅಮೆರಿಕದ ವಿಮಾನ ಕಂಪನಿಗಳು ಒಟ್ಟಾಗಿ ಪ್ರಯಾಣದ ಸಾಲದ ಕಾರ್ಡೊಂದನ್ನು ನಡೆಸತೊಡಗಿದವು. ಇಂದು ಹಾರಿ, ಆಮೇಲೆ ಹಣ ಕಟ್ಟುವ ಏರ್ಪಾಡು ಅದು. 1950ರಲ್ಲಿ ನ್ಯೂಯಾರ್ಕಿನಲ್ಲಿ ಡೈನರ್ಸ್ ಕ್ಲಬ್ ಶುರುವಾಯಿತು. ಮುಂದಿನ ದಶಕದ ಮೊದಲಲ್ಲೇ ಅದು ಭಾರತಕ್ಕೂ ಕಾಲಿಟ್ಟಿತು. 1980ರಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ತನ್ನ ಕ್ರೆಡಿಟ್ ಕಾರ್ಡನ್ನು ಹೊರಡಿಸಿತು; ಅದೇ ದಶಕದಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕೂ ‘ಕ್ಯಾನ್‌ಕಾರ್ಡ್’ ತಂದಿತು.

ಹುಂಡಿಗೂ ಕಾರ್ಡಿಗೂ ಇರುವ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಹುಂಡಿ ಕೊಂಡವನು ವಟ್ಟ ತೆರುತ್ತಿದ್ದ. ಕಾರ್ಡು ಬಳಸಿದವನಿಗೆ ಎದುರಾಗಿ ಬಹುಮಾನ ಬರುತ್ತದೆ. ವಟ್ಟ ಮಾಯವಾಯಿತೇ? ಇಲ್ಲ. ಅದು ಅಂಗಡಿಯವನ ಕಡೆಗೆ ಸರಿಯಿತು. ಕಾರ್ಡಿನಿಂದ ನೂರು ರೂಪಾಯಿ ಸಂದಾಗ ಅಂಗಡಿಗೆ ಸೇರುವುದು ಸಾಮಾನ್ಯವಾಗಿ ಎರಡು ರೂಪಾಯಿಯಷ್ಟು ಕಡಿಮೆ. ಆ ಎರಡರಲ್ಲಿ ಒಂದು ಭಾಗವೇ ಪಾಯಿಂಟಿನ ರೂಪದಲ್ಲಿ ಗಿರಾಕಿಗೆ ಮರಳುತ್ತದೆ.

ಮೈಲಿಯ ಲೆಕ್ಕ

ಪಾಯಿಂಟಿನ ಕಲ್ಪನೆಗೆ ನೆಲೆ ಸಿಕ್ಕಿದ್ದು 1981ರಲ್ಲಿ. ಆ ವರ್ಷದ ಮೇ 1ರಂದು ಅಮೆರಿಕನ್ ಏರ್‌ಲೈನ್ಸ್ ಕಂಪನಿ ‘ಎಅಡ್ವಾಂಟೇಜ್’ ಎಂಬ ಯೋಜನೆಯನ್ನು ಆರಂಭಿಸಿತು. ಅದಕ್ಕೆ ಮೂರು ವರ್ಷ ಮೊದಲು ಅಮೆರಿಕ ಸರಕಾರ ವಿಮಾನ ದರಗಳ ಮೇಲಿನ ಹತೋಟಿಯನ್ನು ಸಡಿಲಿಸಿತ್ತು. ಪೈಪೋಟಿ ಹೆಚ್ಚಿ ಗಿರಾಕಿಗಳು ಕಂಪನಿಯಿಂದ ಕಂಪನಿಗೆ ಹಾರತೊಡಗಿದ್ದರು. ಅವರನ್ನು ಕಟ್ಟಿಹಾಕಲು ಹಾರಿದ ಮೈಲಿಗಳನ್ನು ಎಣಿಸಿ ಉಚಿತ ಟಿಕೆಟ್ ಕೊಡುವ ಉಪಾಯ ಹುಟ್ಟಿತು. ಹೇಗೂ ಖಾಲಿ ಹೋಗುವ ಸೀಟಿನಲ್ಲಿ ಒಬ್ಬನನ್ನು ಕೂರಿಸಿದರೆ ಖರ್ಚು ಅಲ್ಪ, ಗಿರಾಕಿಗೆ ಸಂತೋಷ ಅಪಾರ ಎಂಬುದು ಅದರ ಹಿಂದಿನ ತರ್ಕ. ಅದೇ ದಶಕ ಮುಗಿಯುವುದರೊಳಗೆ ಬ್ಯಾಂಕುಗಳು ವಿಮಾನ ಕಂಪನಿಗಳ ಜೊತೆ ಸೇರಿ ಕಾರ್ಡು ಹೊರಡಿಸಿದವು. ಆಗ ಹಾರದೆಯೇ, ದಿನಸಿ ಕೊಂಡೇ ಮೈಲಿ ಗಳಿಸುವುದು ಸಾಧ್ಯವಾಯಿತು.

ಇದರಿಂದ ಮೈಲಿಯ ಸ್ವಭಾವವೇ ಬದಲಾಯಿತು. ವಿಮಾನ ಕಂಪನಿಗಳು ಮೈಲಿಗಳನ್ನು ಬ್ಯಾಂಕುಗಳಿಗೆ ರೊಕ್ಕಕ್ಕೆ ಮಾರತೊಡಗಿದವು. ಈ ವ್ಯಾಪಾರ ಎಷ್ಟು ದೊಡ್ಡದೆಂಬುದು ಕೊರೋನಾ ಕಾಲದಲ್ಲಿ ಬಯಲಾಯಿತು. ವಿಮಾನಗಳು ನೆಲಕಚ್ಚಿದ್ದ 2020ರಲ್ಲಿ ಯುನೈಟೆಡ್ ಏರ್‌ಲೈನ್ಸ್ ತನ್ನ ‘ಮೈಲೇಜ್‌ಪ್ಲಸ್’ ಯೋಜನೆಯನ್ನು ಅಡವಿಟ್ಟು 680 ಕೋಟಿ ಡಾಲರ್ ಸಾಲ ಎತ್ತಿತು. ವಿಮಾನಗಳು ಹಾರದಿದ್ದರೂ ಮೈಲಿಯ ಭರವಸೆಗೆ ಮಾರುಕಟ್ಟೆಯಲ್ಲಿ ಬೆಲೆಯಿತ್ತು.

ಭಾರತದಲ್ಲಿ ಖಾಸಗಿ ವಿಮಾನ ಕಂಪನಿಗಳಿಗೆ ಬಾಗಿಲು ತೆರೆದ 1990ರ ದಶಕದಲ್ಲಿ ಇಂಥ ಯೋಜನೆಗಳು ಬೇರೂರಿದವು. ಬೆಂಗಳೂರು ಇದಕ್ಕೆ ತದ್ವಿರುದ್ಧವಾದ ಮಾರ್ಗವೊಂದನ್ನೂ ತೋರಿಸಿತು. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಆರಂಭಿಸಿದ ಏರ್ ಡೆಕ್ಕನ್ ಹೆಸರು ಮಾಡಿದ್ದು ಅಗ್ಗದ ಟಿಕೆಟ್ಟಿನಿಂದ. ಒಂದು ರೂಪಾಯಿಯ ಟಿಕೆಟ್ಟು ಮನೆಮಾತಾಯಿತು. ಮುಂದೆ ಕೊಡುವ ಬಹುಮಾನಕ್ಕಿಂತ ಇಂದೇ ತಗ್ಗಿಸಿದ ದರ ಲೇಸು ಎಂಬುದು ಆ ಮಾರ್ಗದ ವಾದ. ಪಾಯಿಂಟಿನ ಲೆಕ್ಕ ಹಾಕುವಾಗ ಈ ವಾದವನ್ನು ಮರೆಯಬಾರದು. ಪಾಯಿಂಟು ಕೊಟ್ಟು ಪಡೆದ ಸೀಟಿನ ಬೆಲೆಯನ್ನು ಕಂಪನಿ ಹೇಳುವ ದುಬಾರಿ ದರದಿಂದ ಅಳೆಯಬಾರದು; ಹಣ ಕೊಟ್ಟು ಹೋಗುವುದಾಗಿದ್ದರೆ ಆ ದಿನ ಕೊಳ್ಳುತ್ತಿದ್ದ ಅಗ್ಗದ ಟಿಕೆಟ್ಟಿನಿಂದ ಅಳೆಯಬೇಕು.

ಮೂರು ಕಂಪನಿಗಳ ಗತಿ

ಪಾಯಿಂಟು ಕೊಟ್ಟವನ ಮಾತು ಎಷ್ಟು ಕಾಲ ನಡೆಯುತ್ತದೆ ಎಂಬುದಕ್ಕೆ ಮೂರು ಉದಾಹರಣೆಗಳನ್ನು ನೋಡಬಹುದು. ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ 2005ರ ಮೇ ತಿಂಗಳಲ್ಲಿ ಹಾರಾಟ ಆರಂಭಿಸಿತು, 2012ರ ಅಕ್ಟೋಬರಿನಲ್ಲಿ ನಿಲ್ಲಿಸಿತು. ‘ಕಿಂಗ್ ಕ್ಲಬ್’ ಸದಸ್ಯರು ಗಳಿಸಿಟ್ಟ ಮೈಲಿಗಳಿಗೆ ಹಾರಲು ವಿಮಾನವೇ ಇಲ್ಲವಾಯಿತು. ಬ್ಯಾಂಕುಗಳ ಸಾಲ, ನೌಕರರ ಸಂಬಳಗಳೇ ಬಾಕಿ ಉಳಿದ ಕಡೆ ಮೈಲಿಗಳ ಮಾತು ಕೇಳುವವರಿರಲಿಲ್ಲ.

ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರಂದು ಹಾರಾಟ ನಿಲ್ಲಿಸಿತು. ಅಲ್ಲಿ ಪರಿಣಾಮ ಬೇರೆಯಾಯಿತು. ಅದರ ‘ಜೆಟ್ ಪ್ರಿವಿಲೇಜ್’ ಯೋಜನೆಯನ್ನು ಅಷ್ಟರಲ್ಲಾಗಲೇ ಪ್ರತ್ಯೇಕ ಕಂಪನಿಯಾಗಿ ಮಾಡಲಾಗಿತ್ತು. ಅದರಲ್ಲಿ ಎತಿಹಾದ್ ವಿಮಾನ ಸಂಸ್ಥೆಗೆ ಅರ್ಧಕ್ಕಿಂತ ತುಸು ಹೆಚ್ಚು ಪಾಲಿತ್ತು. ಆದ್ದರಿಂದ ವಿಮಾನ ನಿಂತರೂ ಯೋಜನೆ ಉಳಿದು, ಅದೇ ವರ್ಷ ‘ಇಂಟರ್‌ಮೈಲ್ಸ್’ ಎಂಬ ಹೊಸ ಹೆಸರು ಪಡೆಯಿತು. ವಿಸ್ತಾರಾ ಕಂಪನಿ 2024ರ ನವೆಂಬರ್ 12ರಂದು ಏರ್ ಇಂಡಿಯಾದಲ್ಲಿ ವಿಲೀನವಾದಾಗ ಅದರ ಸದಸ್ಯರ ಪಾಯಿಂಟುಗಳು ಏರ್ ಇಂಡಿಯಾದ ಯೋಜನೆಗೆ ವರ್ಗವಾದವು. ಆದರೆ ವಿಸ್ತಾರಾದ ಉಚಿತ ಟಿಕೆಟ್ಟಿನ ಆಸೆಯಿಂದಲೇ ಕಾರ್ಡು ಪಡೆದವರು ಹೊಸ ಲೆಕ್ಕ ಕಲಿಯಬೇಕಾಯಿತು.

ಕಂಪನಿ ಮುಳುಗದೆಯೂ ಪಾಯಿಂಟು ಕರಗಬಹುದು. ಆಕ್ಸಿಸ್ ಬ್ಯಾಂಕಿನ ‘ಮ್ಯಾಗ್ನಸ್’ ಕಾರ್ಡಿನಲ್ಲಿ 5 ಪಾಯಿಂಟುಗಳಿಗೆ ವಿಮಾನ ಕಂಪನಿಗಳ 4 ಮೈಲಿ ಸಿಗುತ್ತಿತ್ತು. 2023ರ ಸೆಪ್ಟೆಂಬರ್ 1ರಿಂದ ಅದೇ 5 ಪಾಯಿಂಟುಗಳಿಗೆ 2 ಮೈಲಿ ಎಂದಾಯಿತು. ಖಾತೆಯಲ್ಲಿ ಪಾಯಿಂಟುಗಳ ಸಂಖ್ಯೆ ಕುಗ್ಗಲಿಲ್ಲ. ಅಳೆಯುವ ಕೊಳಗ ಬದಲಾಯಿತು. ಹೀಗೆ ಮಾಡಲು ನಿಯಮಾವಳಿಯಲ್ಲಿ ಬ್ಯಾಂಕುಗಳಿಗೆ ಅವಕಾಶವಿರುತ್ತದೆ. ಪಾಯಿಂಟನ್ನು ಉಳಿತಾಯದ ಹಣವೆಂದು ತಿಳಿದು ಕೂಡಿಡುವವರು ನೆನಪಿಡಬೇಕಾದದ್ದು ಇಷ್ಟು: ಉಳಿತಾಯ ಖಾತೆಯ ಹಣಕ್ಕೆ ಠೇವಣಿ ವಿಮೆಯ ರಕ್ಷಣೆಯುಂಟು, ಪಾಯಿಂಟಿಗೆ ಅಂಥದಿಲ್ಲ, ಅದಕ್ಕೆ ಬಡ್ಡಿಯೂ ಬೆಳೆಯುವುದಿಲ್ಲ. ಕೂಡಿಸಿದಷ್ಟೂ ಕಾಲ ಅದರ ಬೆಲೆ ಇಳಿಯುವ ಸಂಭವವೇ ಹೆಚ್ಚು. ಗೊತ್ತಾದ ಪ್ರಯಾಣಕ್ಕೆ ಬೇಕಾದಷ್ಟು ಗಳಿಸಿ ಬೇಗ ಖರ್ಚು ಮಾಡುವುದೇ ಕ್ಷೇಮ.

ಹೋಲಿಸುವ ಬಗೆ

ದತ್ತಿ ಶಾಸನವನ್ನು ಓದುವ ಕ್ರಮದಲ್ಲೇ ಕಾರ್ಡನ್ನೂ ಓದಬಹುದು. ಕೊಡುವವನು ಯಾರು ಎಂಬುದು ಮೊದಲ ಪ್ರಶ್ನೆ. ಒಂದೇ ವಿಮಾನ ಕಂಪನಿಗೆ ಕಟ್ಟುಬಿದ್ದ ಕಾರ್ಡಿನ ಪಾಯಿಂಟು ಆ ಕಂಪನಿಯ ಜೊತೆಗೇ ಏಳುತ್ತದೆ, ಬೀಳುತ್ತದೆ. ಬ್ಯಾಂಕಿನದೇ ಪಾಯಿಂಟಾಗಿದ್ದು ಹಲವು ವಿಮಾನ ಕಂಪನಿಗಳಿಗೆ ವರ್ಗಾಯಿಸಬಹುದಾದರೆ ಅಪಾಯ ಹಂಚಿಹೋಗುತ್ತದೆ. ಆದರೆ ಒಮ್ಮೆ ವರ್ಗಾಯಿಸಿದ ಪಾಯಿಂಟು ಸಾಮಾನ್ಯವಾಗಿ ಮರಳಿ ಬರುವುದಿಲ್ಲ. ಸೀಟು ಇದೆಯೆಂದು ಖಚಿತವಾದ ಮೇಲೆಯೇ ವರ್ಗಾಯಿಸುವುದು ಜಾಣತನ.

ಪ್ರಮಾಣವೆಷ್ಟು ಎಂಬುದು ಎರಡನೆಯ ಪ್ರಶ್ನೆ. ನೂರು ರೂಪಾಯಿಗೆ ಎಷ್ಟು ಪಾಯಿಂಟು ಎಂಬ ಸಂಖ್ಯೆಯೊಂದೇ ಏನನ್ನೂ ಹೇಳುವುದಿಲ್ಲ. ಒಂದು ಪಾಯಿಂಟಿನ ಬೆಲೆ ಎಷ್ಟು ಪೈಸೆ ಎಂಬುದನ್ನು ಕಂಡುಕೊಳ್ಳಬೇಕು. ಉದಾಹರಣೆಗೆ, ಒಂದು ಟಿಕೆಟ್ಟಿನ ನಗದು ದರ 6,000 ರೂಪಾಯಿ ಎಂದಿಟ್ಟುಕೊಳ್ಳೋಣ. ಪಾಯಿಂಟಿನಿಂದ ಕೊಂಡರೆ 10,000 ಪಾಯಿಂಟು ಹಾಗೂ ತೆರಿಗೆಗೆಂದು 900 ರೂಪಾಯಿ ಕೊಡಬೇಕು. ಆಗ ಉಳಿದದ್ದು 5,100 ರೂಪಾಯಿ. ಪಾಯಿಂಟಿನ ಬೆಲೆ 51 ಪೈಸೆ. ‘ಉಚಿತ’ ಟಿಕೆಟ್ಟಿಗೂ ತೆರಿಗೆ, ಶುಲ್ಕ ತೆರಬೇಕಾಗುವುದನ್ನು ಈ ಲೆಕ್ಕ ಮರೆಮಾಚುವುದಿಲ್ಲ.

ಈಗ ಎರಡು ಕಾಲ್ಪನಿಕ ಕಾರ್ಡುಗಳನ್ನು ತೂಗಬಹುದು. ವರ್ಷಕ್ಕೆ 3 ಲಕ್ಷ ರೂಪಾಯಿ ಕಾರ್ಡಿನಲ್ಲಿ ಖರ್ಚು ಮಾಡುವ ಕುಟುಂಬವೊಂದಿದೆ. ಮೊದಲನೆಯ ಕಾರ್ಡಿನ ವಾರ್ಷಿಕ ಶುಲ್ಕ 3,000. ಶೇಕಡಾ 18ರ ಜಿಎಸ್‌ಟಿ ಸೇರಿ 3,540 ರೂಪಾಯಿ. ನೂರು ರೂಪಾಯಿಗೆ 4 ಪಾಯಿಂಟು, ವರ್ಷಕ್ಕೆ 12,000. ಪಾಯಿಂಟಿಗೆ 50 ಪೈಸೆಯಾದರೆ 6,000 ರೂಪಾಯಿ. ಶುಲ್ಕ ಕಳೆದರೆ ಉಳಿಯುವ ಲಾಭ 2,460. ಎರಡನೆಯದು ಸಾಧಾರಣ ಕಾರ್ಡು. ಶುಲ್ಕ ತೆರಿಗೆ ಸೇರಿ 590. ನೂರಕ್ಕೆ ಒಂದೂವರೆ ರೂಪಾಯಿ ನೇರವಾಗಿ ಖಾತೆಗೆ ಮರಳುತ್ತದೆ. ವರ್ಷಕ್ಕೆ 4,500; ಲಾಭ 3,910. ವಿಮಾನದ ಚಿತ್ರವಿಲ್ಲದ ಕಾರ್ಡೇ ಇಲ್ಲಿ ಗೆದ್ದಿತು. ಮೊದಲನೆಯ ಕಾರ್ಡಿನ ಪಾಯಿಂಟಿಗೆ ಒಂದು ರೂಪಾಯಿ ಬೆಲೆ ಬರುವಂತೆ ಬಳಸಬಲ್ಲವನಿಗೆ ಮಾತ್ರ ಅದರ ಲಾಭ 8,460ಕ್ಕೆ ಏರುತ್ತದೆ. ಅಷ್ಟು ಬೆಲೆ ಬರುವುದು ದಿನಾಂಕ, ಮಾರ್ಗ, ಸೀಟುಗಳ ಬಗ್ಗೆ ಹಟವಿಲ್ಲದವನಿಗೆ. ದೀಪಾವಳಿಗೋ ಬೇಸಗೆ ರಜೆಗೋ ಗೊತ್ತಾದ ದಿನವೇ ಊರು ಸೇರಬೇಕಾದವನಿಗಲ್ಲ.

ಗಡಿ ಎಲ್ಲಿದೆ ಎಂಬುದು ಮೂರನೆಯ ಪ್ರಶ್ನೆ. ಶಾಸನದ ಗದ್ದೆಗೆ ಗಡಿಗಲ್ಲುಗಳಿದ್ದಂತೆ ಕಾರ್ಡಿಗೂ ಎಲ್ಲೆಗಳಿವೆ. ಪೆಟ್ರೋಲು, ಮನೆ ಬಾಡಿಗೆ, ಸರಕಾರಿ ಪಾವತಿಗಳಿಗೆ ಅನೇಕ ಕಾರ್ಡುಗಳು ಪಾಯಿಂಟು ಕೊಡುವುದಿಲ್ಲ. ತಿಂಗಳಿಗೆ ಇಷ್ಟೇ ಎಂಬ ಮಿತಿ, ಪಾಯಿಂಟಿಗೆ ಆಯಸ್ಸು, ವಿದೇಶಿ ನಾಣ್ಯದ ಖರ್ಚಿಗೆ ಹೆಚ್ಚುವರಿ ಶುಲ್ಕ ಇವೆಲ್ಲ ಸಣ್ಣ ಅಕ್ಷರದಲ್ಲಿ ಇರುತ್ತವೆ. ಕುಟುಂಬದ ನಿಜವಾದ ಖರ್ಚಿನಲ್ಲಿ ಎಷ್ಟು ಭಾಗ ಈ ಎಲ್ಲೆಯ ಒಳಗೆ ಬರುತ್ತದೆಂದು ನೋಡದೆ 3 ಲಕ್ಷವನ್ನೂ ಲೆಕ್ಕಕ್ಕೆ ಹಿಡಿಯುವುದು ತಪ್ಪು.

ತಪ್ಪಿದರೆ ಏನು ಎಂಬುದು ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು. ಶಾಸನದ ಶಾಪ ದತ್ತಿಯನ್ನು ಕೆಡಿಸಿದವನ ಮೇಲಿತ್ತು. ಕಾರ್ಡಿನ ಶಾಪ ಪಡೆಯುವವನ ಮೇಲಿದೆ. ಗಡುವಿನೊಳಗೆ ಪೂರ್ತಿ ಹಣ ಕಟ್ಟದಿದ್ದರೆ ತಿಂಗಳಿಗೆ ಶೇಕಡಾ ಮೂರೂವರೆಯಷ್ಟು ಬಡ್ಡಿ ಹಾಕುವ ಕಾರ್ಡುಗಳು ಹಲವು. ಅದು ವರ್ಷಕ್ಕೆ ಶೇಕಡಾ 42 ಆಯಿತು. 50,000 ರೂಪಾಯಿ ಬಾಕಿಗೆ ತಿಂಗಳ ಬಡ್ಡಿ 1,750. ಜಿಎಸ್‌ಟಿ ಸೇರಿ 2,065. ಮೇಲಿನ ಮೊದಲ ಕಾರ್ಡಿನ ಇಡೀ ವರ್ಷದ ಲಾಭ ಎರಡು ತಿಂಗಳ ಬಾಕಿಯಲ್ಲಿ ಪೂರ್ತಿ ಕರಗಿಹೋಗುತ್ತದೆ. ಬಾಕಿ ಇರುವಷ್ಟು ಕಾಲ ಹೊಸ ಖರೀದಿಗೂ ಬಡ್ಡಿರಹಿತ ದಿನಗಳು ಸಿಗುವುದಿಲ್ಲ. ಕಾರ್ಡಿನ ಬಡ್ಡಿ ಶೇಕಡಾ 30 ಮೀರಬಾರದೆಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಕೊಟ್ಟ ತೀರ್ಪನ್ನು ಸುಪ್ರೀಂ ಕೋರ್ಟು 2024ರ ಡಿಸೆಂಬರಿನಲ್ಲಿ ರದ್ದುಪಡಿಸಿತು. ಹಾಗಾಗಿ ಬಾಕಿ ಉಳಿಸುವ ಅಭ್ಯಾಸವಿರುವವನಿಗೆ ಯಾವ ಪ್ರಯಾಣದ ಕಾರ್ಡೂ ಲಾಭದಾಯಕವಲ್ಲ.

ಗ್ರಾಹಕನಿಗೆ ಕೊಂಚ ಆಸರೆಯೂ ಇದೆ. ರಿಸರ್ವ್ ಬ್ಯಾಂಕು 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಲ್ಲಿ, ಶುಲ್ಕ ಬದಲಿಸುವ ಮುನ್ನ ಒಂದು ತಿಂಗಳ ಸೂಚನೆ ಕೊಡಬೇಕು, ಬಾಕಿ ಇಲ್ಲದ ಕಾರ್ಡನ್ನು ಮುಚ್ಚಲು ಕೇಳಿದರೆ ಏಳು ಕೆಲಸದ ದಿನಗಳಲ್ಲಿ ಮುಚ್ಚಬೇಕು, ತಡವಾದರೆ ದಿನಕ್ಕೆ 500 ರೂಪಾಯಿ ತೆರಬೇಕು ಎಂದು ವಿಧಿಸಿತು. ಪಾಯಿಂಟಿನ ಬೆಲೆ ಇಳಿಸಬಾರದೆಂಬ ಶಾಸನವಿಲ್ಲದಿದ್ದರೂ ಬಿಟ್ಟುಹೋಗುವ ಹಕ್ಕು ಬರಹದಲ್ಲಿದೆ.

ಯಾರ ಹಣ, ಯಾರ ಪ್ರಯಾಣ

ಕೋಡಿಯ ಮಠದ ಅನ್ನಕ್ಕೆ ಮೂಲ ಯಾವುದೆಂದು ಕೇಳಿದಂತೆ ಪಾಯಿಂಟಿನ ಮೂಲವನ್ನೂ ಕೇಳಬೇಕು. ಅಂಗಡಿಯವನು ತೆರುವ ಶುಲ್ಕ ಅವನ ಲಾಭದಲ್ಲೇ ಕಡಿತವಾಗಿ ನಿಲ್ಲುವುದಿಲ್ಲ; ಸ್ವಲ್ಪ ಭಾಗ ಸರಕಿನ ಬೆಲೆಗೆ ಸೇರಿಕೊಳ್ಳುತ್ತದೆ. ಬೆಲೆ ಎಲ್ಲರಿಗೂ ಒಂದೇ. ಆದ್ದರಿಂದ ನೋಟು ಕೊಟ್ಟು ಕೊಳ್ಳುವವನೂ ಆ ಭಾಗವನ್ನು ತೆರುತ್ತಾನೆ, ಪಾಯಿಂಟು ಮಾತ್ರ ಅವನಿಗೆ ಬರುವುದಿಲ್ಲ. ಮೂಲದ ಎರಡನೆಯ ಕವಲು ಬಾಕಿದಾರರ ಬಡ್ಡಿ. ಕಾಲಕ್ಕೆ ಸರಿಯಾಗಿ ಹಣ ಕಟ್ಟುವ ಸ್ಥಿತಿವಂತನ ವಿಮಾನದ ಸೀಟಿಗೆ, ಕಟ್ಟಲಾಗದ ಇನ್ನೊಬ್ಬನ ಬಡ್ಡಿ ನೆರವಾಗುತ್ತದೆ. ಬಳ್ಳಿಗಾವೆಯ ಒಂಟಿ ಹೇರಿನವನು ಪೂರ್ತಿ ಸುಂಕ ತೆತ್ತು, ಐನೂರ್ವರು ಮಾಫಿ ಪಡೆದದ್ದಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ. ವ್ಯತ್ಯಾಸವೆಂದರೆ, ಅಂದಿನ ಮಾಫಿ ಯಾರಿಗೆ ಎಂಬುದನ್ನು ಊರಿನವರೆಲ್ಲ ಕಲ್ಲಿನಲ್ಲಿ ನೋಡಬಹುದಾಗಿತ್ತು.

ತಾಳಗುಂದದ ಸೀಮೆಗೆ ವಿಮಾನ ಹತ್ತಿರ ಬಂದದ್ದು ತೀರ ಇತ್ತೀಚೆಗೆ. ಶಿವಮೊಗ್ಗದ ಸೋಗಾನೆಯ ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಯಿತು. ರಾಷ್ಟ್ರಕವಿ ಕುವೆಂಪು ಅವರ ಹೆಸರು ಹೊತ್ತ ಈ ನಿಲ್ದಾಣದ ಓಡುದಾರಿ 3,200 ಮೀಟರು ಉದ್ದ. ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಇಂಡಿಗೋ ಕಂಪನಿಯ ಮೊದಲ ವಿಮಾನ ಬಂದಿಳಿಯಿತು. ಅಲ್ಲಿಂದ ಮುಂದೆ ಸ್ಟಾರ್ ಏರ್ ಕಂಪನಿ ಹೈದರಾಬಾದ್, ಗೋವಾ, ತಿರುಪತಿಗಳಿಗೆ ಹಾರಾಟ ಆರಂಭಿಸಿತು. ಸಣ್ಣ ನಿಲ್ದಾಣದಿಂದ ಹೊರಡುವವನು ಕಾರ್ಡು ಆರಿಸುವಾಗ ಕೇಳಬೇಕಾದ ಪ್ರಶ್ನೆ ಸರಳವಾದದ್ದು: ಈ ಪಾಯಿಂಟು ತನ್ನೂರಿನ ನಿಲ್ದಾಣಕ್ಕೆ ಬರುವ ಕಂಪನಿಯಲ್ಲಿ ನಡೆಯುತ್ತದೆಯೇ? ಸಿಂಗಪುರಕ್ಕೋ ಲಂಡನ್ನಿಗೋ ಉಚಿತ ಸೀಟು ಕೊಡುವ ಮೈಲಿ, ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗಬೇಕಾದವನಿಗೆ ಪ್ರಯೋಜನಕ್ಕೆ ಬಾರದು. ದೊಡ್ಡ ನಿಲ್ದಾಣದ ವಿಶ್ರಾಂತಿ ಕೊಠಡಿಯ ಉಚಿತ ಪ್ರವೇಶಕ್ಕೆಂದು ಹೆಚ್ಚು ಶುಲ್ಕ ತೆರುವವನು ವರ್ಷಕ್ಕೆ ಎಷ್ಟು ಬಾರಿ ಅಲ್ಲಿ ಕೂರುತ್ತಾನೆಂದು ಎಣಿಸಿಕೊಳ್ಳಬೇಕು.

ಹೊರನಾಡಿನಲ್ಲಿ ಓದುವ ಮಗಳೋ ವಿದೇಶದಲ್ಲಿ ನೌಕರಿಯಲ್ಲಿರುವ ಮಗನೋ ಇರುವ ಮನೆಗಳು ಈಗ ಈ ಸೀಮೆಯಲ್ಲೂ ಉಂಟು. ಅಂಥವರಿಗೆ ಲೆಕ್ಕ ಬೇರೆಯಾದೀತು, ಮೈಲಿಯ ಕಾರ್ಡು ನಿಜವಾದ ಉಳಿತಾಯ ತಂದೀತು. ವರ್ಷಕ್ಕೊಮ್ಮೆ ತಿರುಪತಿಗೆ ಹೋಗಿಬರುವ ಮನೆಗೆ ನೇರವಾಗಿ ಹಣ ಮರಳಿಸುವ ಕಾರ್ಡೋ, ಬರೀ ಅಗ್ಗದ ಟಿಕೆಟ್ಟೋ ಸಾಕಾದೀತು. ಎಲ್ಲರಿಗೂ ಒಪ್ಪುವ ಶ್ರೇಷ್ಠ ಕಾರ್ಡು ಎಂಬುದು ಇಲ್ಲ.

ಕದಂಬರ ಕಂಬ ಹದಿನೈದು ಶತಮಾನಗಳ ಮಳೆ-ಬಿಸಿಲುಗಳನ್ನು ಕಂಡಿದೆ. ಕಾಕುಸ್ಥವರ್ಮ ಕೆರೆ ಕಟ್ಟಿಸಿದ ಸಂಗತಿಯನ್ನು ಅದರ ಮೇಲೆ ಇಂದಿಗೂ ಓದಬಹುದು. ಕಾರ್ಡಿನ ನಿಯಮಾವಳಿ ಕಲ್ಲಿನಲ್ಲಿಲ್ಲ, ಬದಲಾಗಲೆಂದೇ ಬರೆದ ಹಾಳೆಯಲ್ಲಿದೆ. ಆದ ಕಾರಣ ಸಹಿ ಹಾಕುವ ದಿನ ಒಮ್ಮೆ ಓದಿದರೆ ಸಾಲದು. ವಾರ್ಷಿಕ ಶುಲ್ಕದ ಬಿಲ್ಲು ಬರುವ ಪ್ರತಿ ವರ್ಷವೂ ಹಿಂದಿನ ಹನ್ನೆರಡು ತಿಂಗಳ ಖರ್ಚು, ಗಳಿಸಿದ ಪಾಯಿಂಟು, ಅದರಿಂದ ನಿಜವಾಗಿ ಕೊಂಡ ಟಿಕೆಟ್ಟು, ತೆತ್ತ ಬಡ್ಡಿ ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕೂಡಿ ಕಳೆಯಬೇಕು. ಉಳಿಕೆ ಸೊನ್ನೆಗಿಂತ ಕೆಳಗಿದ್ದರೆ ಕಾರ್ಡನ್ನು ಹಿಂದಿರುಗಿಸುವುದೇ ಲೇಸು.